ಬೀಳುವವಳ ಕೈ

"ಜೊತೆಯಲ್ಲಿರುವವಳು ನಂಬಿಕೆಗೆ ತಕ್ಕವಳೋ ಅಲ್ಲವೋ, ಅದನ್ನು ಪರೀಕ್ಷಿಸುವುದು ಹೇಗೆ ಗುರುಗಳೇ?" ಎಂದು ಶಿಷ್ಯೆ ಕೇಳಿದಳು.

"ಯಾರನ್ನು ಪರೀಕ್ಷಿಸಬೇಕಾಗಿದೆ?"

"ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವವಳನ್ನು. ನಾನಾಡಿದ ಮಾತನ್ನು ಅಲ್ಲಿ ಇಲ್ಲಿ ಹೇಳುತ್ತಾಳೆ ಎಂದು ಗುಮಾನಿ. ಅವಳ ಕಿವಿಗೆ ಒಂದು ಸುಳ್ಳು ಹಾಕಿ ನೋಡೋಣ ಎಂದಿದ್ದೇನೆ. ಅದು ಆಶ್ರಮವೆಲ್ಲ ಸುತ್ತಿ ಬಂದರೆ ಗೊತ್ತಾಗುತ್ತದೆ."

"ಬರದಿದ್ದರೆ?"

"ಬರದಿದ್ದರೆ ಅವಳು ಬಲು ಜಾಣೆ ಎಂದಾಯಿತು."

ಗುರುಗಳು ನಗಲಿಲ್ಲ. "ಒಂದು ಕತೆ ಹೇಳುತ್ತೇನೆ. ಇದು ಮಂಜುಗಡ್ಡೆಯ ಮೇಲೆ ನಡೆದದ್ದು," ಎಂದರು.

"ಮಂಜುಗಡ್ಡೆಯನ್ನು ನಾನು ಕಂಡದ್ದು ಕಬ್ಬಿನಹಾಲಿನ ಲೋಟದಲ್ಲಿ ಮಾತ್ರ."

"ಜಾರುತ್ತದೆ ಎಂಬುದು ಗೊತ್ತಲ್ಲ? ಅಷ್ಟು ಸಾಕು."

ಗುರುಗಳು ಹೇಳಿದ ಕತೆ ಹೀಗಿತ್ತು.

ಚಳಿಯ ದೇಶವೊಂದರಲ್ಲಿ ಹದಿನಾರು ಹೆಂಗಸರ ತಂಡವಿತ್ತು. ಅಲಗು ಜೋಡಿಸಿದ ಬೂಟು ತೊಟ್ಟು, ಮಂಜುಗಡ್ಡೆಯ ಅಂಗಳದಲ್ಲಿ, ಸಂಗೀತಕ್ಕೆ ಸರಿಯಾಗಿ ಒಟ್ಟಿಗೆ ಜಾರುವುದು ಅವರ ಆಟ. ಕೈಗೆ ಕೈ ಕೋದು ಸಾಲಾಗುತ್ತಾರೆ. ಸಾಲುಗಳು ಅರಗಳಂತೆ ನಡುವೆ ಕೂಡಿ ಚಕ್ರವಾಗಿ ತಿರುಗುತ್ತವೆ. ಹದಿನಾರು ಜನ ಒಬ್ಬಳೇ ಎಂಬಂತೆ ಕಾಣಬೇಕು. ಅವರಲ್ಲಿ ಒಬ್ಬಳು ಎದ್ದು ಕಂಡರೆ, ಚೆನ್ನಾಗಿಯೇ ಕಂಡರೂ, ಅಂಕ ಹೋಗುತ್ತದೆ.

ಆ ತಂಡದಲ್ಲಿ ಒಂದು ಕಟ್ಟುಪಾಡಿತ್ತು. ಬೀಳುತ್ತಿರುವವಳು ತಾನೇ ಕೈ ಬಿಡಬೇಕು. ಪಕ್ಕದವಳೂ ಕೂಡಲೇ ಬೆರಳು ತೆರೆಯಬೇಕು. ಹೊರಗಿನವರಿಗೆ ಇದು ನಿರ್ದಯ ಎನಿಸಬಹುದು. ಆದರೆ ಆ ವೇಗದಲ್ಲಿ ಬೀಳುವವಳನ್ನು ಹಿಡಿದುಕೊಂಡರೆ ಅವಳು ಉಳಿಯುವುದಿಲ್ಲ, ಹಿಡಿದವಳೂ ಹೋಗುತ್ತಾಳೆ. ಒಬ್ಬಳು ಬಿದ್ದರೆ ನಷ್ಟ ಸಣ್ಣದು. ಎದ್ದು ಬಂದು ತನ್ನ ಜಾಗ ಸೇರಿಕೊಳ್ಳುತ್ತಾಳೆ. ಸಾಲೇ ಬಿದ್ದರೆ ಆ ವರ್ಷವೇ ಹೋಯಿತು. ಅದಕ್ಕಾಗಿಯೇ ಅವರು ಅಂಗೈಗೆ ಅಂಗೈ ಕೊಡುತ್ತಿದ್ದರು, ಯಾರೂ ಯಾರ ಮಣಿಕಟ್ಟನ್ನೂ ಹಿಡಿಯುತ್ತಿರಲಿಲ್ಲ.

ತಂಡಕ್ಕೆ ಒಬ್ಬ ನಾಯಕಿ ಇದ್ದಳು. ಸಾಲಿನ ತುದಿ ಅವಳ ಜಾಗ. ಅವಳ ಮೊಣಕಾಲು ಸವೆದಿತ್ತು. ಇದೇ ತನ್ನ ಕೊನೆಯ ವರ್ಷ ಎಂದು ಅವಳಿಗೆ ಗೊತ್ತಿತ್ತು. ಆ ದೇಶದಿಂದ ವಿಶ್ವಸ್ಪರ್ಧೆಗೆ ಹೋಗುವುದು ಒಂದೇ ತಂಡ. ಅವಳ ತಂಡ ಪ್ರತಿವರ್ಷ ಎರಡನೆಯದಾಗಿ ಉಳಿಯುತ್ತಿತ್ತು. ಎರಡನೆಯವರಿಗೆ ಜನ ಚಪ್ಪಾಳೆ ತಟ್ಟಿ ಮನೆಗೆ ಕಳಿಸುತ್ತಾರೆ. ಈ ಸಲವಾದರೂ ವಿಶ್ವಸ್ಪರ್ಧೆಯ ಅಂಗಳಕ್ಕೆ ಕಾಲಿಡಬೇಕು ಎಂಬುದೊಂದೇ ಅವಳ ಆಸೆ.

ಆ ವರ್ಷ ತಂಡಕ್ಕೆ ಒಬ್ಬ ಹೊಸಬಳು ಬಂದಳು. ಅವಳು ಹಿಂದಿನ ವರ್ಷ, ಯಾವಾಗಲೂ ಮೊದಲು ಬರುತ್ತಿದ್ದ ಎದುರಾಳಿ ತಂಡದಲ್ಲಿದ್ದವಳು. ಗಂಡನಿಗೆ ಈ ಊರಿನಲ್ಲಿ ಕೆಲಸವಾಯಿತು, ಅದಕ್ಕೆ ಬಂದೆ, ಎಂದಳು. ತರಬೇತುದಾರ ಅವಳನ್ನು ನಾಯಕಿಯ ಪಕ್ಕದಲ್ಲಿ ನಿಲ್ಲಿಸಿದ.

"ಎಷ್ಟಾದರೂ ತವರಿನ ಕಡೆ ಮನಸ್ಸು ಎಳೆಯದೇ ಇರುತ್ತದೆಯೇ?" ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳು ನಕ್ಕಳು. ನಾಯಕಿ ನಗಲಿಲ್ಲ.

"ತಮಾಷೆಗೆ ಅಂದೆ ಮಾರಾಯ್ತಿ," ಎಂದಳು ಅವಳು.

"ನಿಜ ಹೊರಗೆ ಬರುವುದು ತಮಾಷೆಯಲ್ಲೇ," ಎಂದಳು ನಾಯಕಿ.

ಸ್ಪರ್ಧೆಗಳ ಋತು ಶುರುವಾಯಿತು. ಮೊದಲನೆಯದು ಪರದೇಶದಲ್ಲಿ. ಚಕ್ರ ತಿರುಗುವಾಗ ಹೊಸಬಳ ಅಲಗು ಎಲ್ಲೋ ಸಿಕ್ಕಿಕೊಂಡಿತು. ಅವಳು ಕೈ ಬಿಟ್ಟಳು, ಒಬ್ಬಳೇ ಬಿದ್ದಳು, ಎದ್ದು ಬಂದು ಸೇರಿಕೊಂಡಳು. ಉಳಿದ ಹದಿನೈದು ಜನಕ್ಕೆ ಏನೂ ಆಗಲಿಲ್ಲ. ಆದರೆ ಗೆದ್ದದ್ದು ಎದುರಾಳಿ ತಂಡ.

"ತಪ್ಪಾಯಿತು ಅಕ್ಕಾ," ಎಂದಳು ಹೊಸಬಳು.

"ಪರವಾಗಿಲ್ಲ," ಎಂದಳು ನಾಯಕಿ. ಅದು ಬರೀ ಬಾಯಿಮಾತು.

ಅಂದಿನಿಂದ ಅವಳು ಹೊಸಬಳ ಮೇಲೆ ಕಣ್ಣಿಟ್ಟಳು. ಹೊಸಬಳು ಎದುರಾಳಿ ತಂಡದ ಒಬ್ಬ ಗೆಳತಿಯನ್ನು ಕಂಡು ನಕ್ಕಳು. ಏನೋ ಇದೆ, ಎಂದುಕೊಂಡಳು ನಾಯಕಿ. ಇನ್ನೊಮ್ಮೆ ಅದೇ ಗೆಳತಿ ಎದುರಾದಾಗ ಹೊಸಬಳು ನಗದೆ ಹೋದಳು. ಏನೋ ಇದ್ದೇ ಇದೆ, ಎಂದುಕೊಂಡಳು. ಹೊಸಬಳು ಬೇಗ ಬಂದರೆ ಇಷ್ಟು ಬೇಗ ಯಾಕೆ ಎಂದು ಯೋಚನೆ. ತಡವಾಗಿ ಬಂದರೆ ಇಷ್ಟು ಹೊತ್ತು ಎಲ್ಲಿದ್ದಳು ಎಂದು ಯೋಚನೆ. ಊಟದ ಹೊತ್ತಿನಲ್ಲಿ ಹರಟಿದರೆ ಬಾಯಿ ಬಿಡಿಸುತ್ತಿದ್ದಾಳೆ, ಸುಮ್ಮನಿದ್ದರೆ ಕೇಳಿಸಿಕೊಳ್ಳುತ್ತಿದ್ದಾಳೆ. ಎರಡನೆಯ ಸ್ಪರ್ಧೆಯಲ್ಲಿ ಹೊಸಬಳು ಒಂದು ತಪ್ಪೂ ಮಾಡಲಿಲ್ಲ, ತಂಡ ಎದುರಾಳಿಗಳನ್ನು ಸೋಲಿಸಿತು. ಎಲ್ಲರೂ ಕುಣಿದಾಡಿದರು. ನಾಯಕಿಗೆ ಅಂದು ನಿದ್ದೆ ಬರಲಿಲ್ಲ. ಬೀಳಿಸುವುದನ್ನು ಇವಳು ಕೊನೆಯ ಸ್ಪರ್ಧೆಗೆಂದು ಇಟ್ಟುಕೊಂಡಿದ್ದಾಳೆ ಎಂದು ಅವಳಿಗೆ ಹೊಳೆದಿತ್ತು.

ಸಂದೇಹಕ್ಕೆ ಸಾಕ್ಷಿಯೊಂದು ಬೇಕಾಗಿತ್ತು. ಒಂದು ಬೆಳಿಗ್ಗೆ ಅಭ್ಯಾಸದಲ್ಲಿ, ಸಾಲು ವೇಗವಾಗಿ ಸಾಗುತ್ತಿದ್ದಾಗ, ನಾಯಕಿ ಎಡವಿದವಳಂತೆ ಮುಂದಕ್ಕೆ ಮುಗ್ಗರಿಸಿದಳು. ಹೊಸಬಳು ತಟ್ಟನೆ ಬೆರಳು ತೆರೆದಳು. ನಾಯಕಿ ನೆಟ್ಟಗೆ ನಿಂತಳು. ನೇರವಾಗಿ ತರಬೇತುದಾರನ ಬಳಿಗೆ ಹೋದಳು.

"ಕೊನೆಯ ಸ್ಪರ್ಧೆಗೆ ಅವಳು ಬೇಡ."

"ಏನಾಯಿತು?"

"ನಾನು ಬೀಳುವಾಗ ಕೈ ಬಿಟ್ಟಳು."

"ನೀನು ಬೀಳಲಿಲ್ಲವಲ್ಲ?"

"ಬಿದ್ದಿದ್ದರೆ?"

"ಬಿದ್ದಿದ್ದರೆ ಬಿಡಲೇಬೇಕು. ನಮ್ಮ ಕಟ್ಟುಪಾಡೇ ಅದು. ಹೋಗು, ಕಾಲಿಗೆ ಶಾಖ ಕೊಟ್ಟುಕೋ."

ನಾಯಕಿ ಹೊರಗೆ ಬಂದಳು. ಇವಳನ್ನು ತಂಡಕ್ಕೆ ಸೇರಿಸಿಕೊಂಡವನು ಇವನೇ ಅಲ್ಲವೇ ಎಂದು ಅವಳಿಗೆ ಆಗ ನೆನಪಾಯಿತು.

ಕೊನೆಯ ಸ್ಪರ್ಧೆಯ ದಿನ ಬಂತು. ಗೆದ್ದವರು ವಿಶ್ವಸ್ಪರ್ಧೆಗೆ. ತಂಡ ಅಂಗಳದ ನಡುವೆ ಬಂದು ನಿಂತಿತು. ಕೈಗೆ ಕೈ ಸೇರಿಸುವಾಗ ನಾಯಕಿ ಹೊಸಬಳ ಅಂಗೈ ಹಿಡಿಯಲಿಲ್ಲ. ಮಣಿಕಟ್ಟನ್ನು ಹಿಡಿದಳು.

"ಅಕ್ಕಾ, ಕೈ," ಎಂದಳು ಹೊಸಬಳು, ತುಟಿ ಅಲ್ಲಾಡಿಸದೆ. ತೀರ್ಪುಗಾರರ ಎದುರಿಗೆ ಮುಖದ ನಗು ಮಾಸುವಂತಿರಲಿಲ್ಲ.

"ಈಗ ಬಿಡು, ನೋಡೋಣ," ಎಂದಳು ನಾಯಕಿ. ಅವಳೂ ನಗುತ್ತಲೇ ಇದ್ದಳು.

ಸಂಗೀತ ಶುರುವಾಯಿತು. ಅಷ್ಟು ಚೆನ್ನಾಗಿ ಆ ತಂಡ ಎಂದೂ ಆಡಿರಲಿಲ್ಲ. ಇನ್ನು ಉಳಿದದ್ದು ಚಕ್ರ ಒಂದೇ. ಚಕ್ರದಲ್ಲಿ ಸಾಲಿನ ತುದಿಯಲ್ಲಿರುವವಳು ಎಲ್ಲರಿಗಿಂತ ಹೆಚ್ಚು ದೂರವನ್ನು ಎಲ್ಲರಿಗಿಂತ ಹೆಚ್ಚು ವೇಗದಲ್ಲಿ ಹೋಗಬೇಕು. ಅವಳ ಕಣ್ಣು ಮುಂದಿರಬೇಕು. ನಾಯಕಿಯ ಕಣ್ಣು ಪಕ್ಕದವಳ ಬೆರಳುಗಳ ಮೇಲಿತ್ತು. ಒಂದು ಹೆಜ್ಜೆ ಹಿಂದಾಯಿತು. ಅದನ್ನು ಸರಿದೂಗಿಸಲು ಅವಳು ಬಲವಾಗಿ ಒತ್ತಿದಳು. ಮೊಣಕಾಲು ಕುಸಿಯಿತು.

ಹೊಸಬಳು ಬೆರಳು ತೆರೆದಳು. ನಾಯಕಿ ತೆರೆಯಲಿಲ್ಲ. ಒಬ್ಬಳೇ ಬಿದ್ದಿದ್ದರೆ ಜಾರಿಕೊಂಡು ಅಂಗಳದ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು. ಈಗ ಇಬ್ಬರೂ ಸೇರಿ ದಾರಿಗೆ ಅಡ್ಡವಾಗಿ ಬಿದ್ದರು. ಹಿಂದಿನಿಂದ ತಿರುಗುತ್ತ ಬರುತ್ತಿದ್ದ ಸಾಲು ಅವರ ಮೇಲೆ ಬಂದು ಬಿತ್ತು. ಸಂಗೀತ ತನ್ನ ಪಾಡಿಗೆ ತಾನು ಮುಗಿಯಿತು.

ನಾಯಕಿ ಮಂಜುಗಡ್ಡೆಯ ಮೇಲೆ ಕುಳಿತಲ್ಲಿಂದಲೇ ಕೂಗಿದಳು: "ಅಂತೂ ಎಳೆದು ಬೀಳಿಸಿದೆಯಲ್ಲ! ತಣ್ಣಗಾಯಿತೇ ಹೊಟ್ಟೆ? ಹೋಗು, ನಿನ್ನ ತವರಿಗೆ ಹೋಗಿ ಹೇಳು!"

ಹೊಸಬಳು ತನ್ನ ಕೈಯನ್ನು ಮೇಲೆತ್ತಿ ಅವಳ ಕಣ್ಣೆದುರು ಹಿಡಿದಳು. ಅಂಗೈ ಪೂರ್ತಿ ತೆರೆದಿತ್ತು. ಆ ಕೈಯ ಜೊತೆ ನಾಯಕಿಯ ಕೈಯೂ ಮೇಲೆದ್ದು ಬಂತು. ಅವಳ ಐದು ಬೆರಳೂ ಹೊಸಬಳ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದವು.

"ಈಗಲಾದರೂ ಬಿಡಿ ಅಕ್ಕಾ," ಎಂದಳು ಹೊಸಬಳು. "ನೋಯುತ್ತಿದೆ."

ಆ ವರ್ಷವೂ ವಿಶ್ವಸ್ಪರ್ಧೆಗೆ ಎದುರಾಳಿ ತಂಡವೇ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಗೆ ಸಮಾಧಾನವಾದಂತೆ ಕಂಡಿತು.

"ಅಂದರೆ, ಆ ತಂಡದಲ್ಲಿ ಮೋಸ ಮಾಡುವವಳು ಯಾರೂ ಇರಲಿಲ್ಲ ಎಂದಾಯಿತು, ಅಲ್ಲವೇ ಗುರುಗಳೇ?"

"ಒಬ್ಬಳಿದ್ದಳು ತಾಯಿ, ಅಭ್ಯಾಸದ ದಿನ ಸುಳ್ಳೇ ಮುಗ್ಗರಿಸಿದವಳು," ಎಂದರು ಗುರುಗಳು.