ಹೊರೆಗಲ್ಲಿನ ಎತ್ತರ

"ಗುರುಗಳೇ, ಕೈಲಾಗದು ಎನ್ನುವವನಿಗೆ ನಿಜಕ್ಕೂ ಆಗದೋ, ಇಲ್ಲ ಅದು ಮೈಗಳ್ಳತನವೋ ಎಂದು ತಿಳಿಯುವುದು ಹೇಗೆ?"

ಕೇಳಿದವನು ಚೆನ್ನವೀರ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಉಗ್ರಾಣದಿಂದ ಅಡುಗೆಮನೆಗೆ ಅಕ್ಕಿ ಮೂಟೆ ಹೊರುವ ಈರಬಸಪ್ಪ ಸೊಂಟನೋವೆಂದು ಆಗಾಗ ಕೂತುಬಿಡುತ್ತಿದ್ದ. ಅಂದು ಬೆಳಿಗ್ಗೆ ಚೆನ್ನವೀರ ತಾನೇ ಒಂದು ಮೂಟೆ ಹೊತ್ತು ನೋಡಿದ್ದ. ಅಂಥ ಕಷ್ಟವೇನೂ ಅನ್ನಿಸಿರಲಿಲ್ಲ. ನಾಳೆಯಿಂದ ಬರಬೇಡವೆಂದು ಈರಬಸಪ್ಪನಿಗೆ ಹೇಳಿಬಿಡುವ ಯೋಚನೆಯಲ್ಲಿದ್ದ.

ಗುರುಗಳು ದಣಿದಿದ್ದರು. ಬೆಳಗಿನಿಂದ ಬಂದವರ ಕಷ್ಟ ಕೇಳಿ ಕೇಳಿ ಸಾಕಾಗಿತ್ತು. ಗೋಡೆಗೆ ಒರಗಿ ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದನಪ್ಪ. ಅವನ ಉಪ್ಪನ್ನು ಗುಡ್ಡದಾಚೆಯ ಸಂತೆಗೆ ಒಬ್ಬ ಕೂಲಿಯವನು ಹೊರುತ್ತಿದ್ದ. ಗಾಡಿ ಹೋಗದ ದಾರಿ, ತಲೆಹೊರೆಯೇ ಗತಿ. ತಲೆಯ ಮೇಲೆ ಕೂತ ಮೂಟೆ ಹೇಗೋ ಸಾಗುತ್ತದೆ. ನೆಲದಿಂದ ಅದನ್ನು ತಲೆಗೆ ಏರಿಸುವುದಿದೆ ನೋಡು, ಸೊಂಟ ಹೋಗುವುದು ಅಲ್ಲಿ. ಒಬ್ಬನೇ ಇದ್ದರೆ ನಡುದಾರಿಯಲ್ಲಿ ಇಳಿಸುವ ಹಾಗೇ ಇಲ್ಲ. ಇಳಿಸಿದರೆ ಎತ್ತಿಕೊಡಲು ಇನ್ನೊಬ್ಬ ಬೇಕು. ಅದಕ್ಕೇ ವ್ಯಾಪಾರಿ ಜೊತೆಗೊಬ್ಬ ಆಳನ್ನು ಕಳಿಸುತ್ತಿದ್ದ.

ಕೆಲವು ಕಡೆ ದಾರಿಯಲ್ಲಿ ಹೊರೆಗಲ್ಲು ನೆಡುವ ಪದ್ಧತಿ ಉಂಟು. ಎರಡು ಕಂಬ, ಅವುಗಳ ಮೇಲೆ ತಲೆಯ ಮಟ್ಟಕ್ಕೆ ಒಂದು ಚಪ್ಪಡಿ. ಹೊತ್ತವನು ಅದಕ್ಕೆ ಬೆನ್ನು ಹಾಕಿ ನಿಂತು ಮೂಟೆಯನ್ನು ಹಾಗೇ ಹಿಂದಕ್ಕೆ ಜಾರಿಸುತ್ತಾನೆ. ಸುಧಾರಿಸಿಕೊಂಡ ಮೇಲೆ ಮತ್ತೆ ತಲೆಗೆ ಎಳೆದುಕೊಂಡು ನಡೆಯುತ್ತಾನೆ. ಯಾರ ಹಂಗೂ ಬೇಡ. ಏರಿನ ತುದಿಯಲ್ಲಿ ಅಂಥದೊಂದು ಕಲ್ಲು ಮಾಡಿಸುತ್ತೇನೆ ಅಂದ ವ್ಯಾಪಾರಿ. ಒಳ್ಳೆಯವನು. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಒಳ್ಳೆಯವನೇ. ಅಂದಾಜಿನ ಕೆಲಸ ಬೇಡವೆಂದು ಕೂಲಿಯವನನ್ನೇ ಕರೆಸಿ ನಿಲ್ಲಿಸಿ, ಪಾದದಿಂದ ನೆತ್ತಿಯವರೆಗೆ ಕೋಲು ಹಿಡಿಸಿ ಅಳತೆ ತೆಗೆಸಿದ. ತನಗೋಸ್ಕರ ಕಲ್ಲು ನೆಡುತ್ತಾರೆಂದರೆ ಆ ಬಡವನಿಗಾದ ಸಂತೋಷ ಅಷ್ಟಿಷ್ಟಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ.

ಕಲ್ಲು ನಿಂತಿತು. ಎತ್ತಿಕೊಡುವ ಆಳು ಇನ್ನು ಯಾಕೆ ಎಂದು ವ್ಯಾಪಾರಿ ಅವನನ್ನು ಬೇರೆ ಕೆಲಸಕ್ಕೆ ಹಾಕಿದ.

ಮೊದಲ ದಿನವೇ ಕೂಲಿಯವನಿಗೆ ಚಪ್ಪಡಿ ಎಟುಕಲಿಲ್ಲ. ಏರು ಹತ್ತಿ, ಕುತ್ತಿಗೆ ಕುಸಿದು, ಮೊಣಕಾಲು ಬಾಗಿ ಬಂದವನು ಮೂಟೆಯನ್ನು ಇನ್ನೂ ಒಂದೆರಡು ಬೆರಳು ಮೇಲೆತ್ತಬೇಕಿತ್ತು. ಬರೀ ಒಂದೆರಡು ಬೆರಳು ಅಂತೀಯಾ? ಆ ಹೊತ್ತಿಗೆ ಅವನ ಮೈಯಲ್ಲಿ ಅಷ್ಟೂ ಉಳಿದಿರುತ್ತಿರಲಿಲ್ಲ. ದಿನ ತಳ್ಳಿದ. ರಾತ್ರಿ ಹೆಂಡತಿ ಉಪ್ಪಿನ ಶಾಖ ಕೊಡುತ್ತಿದ್ದಳು, ಬೆಳಗಾದರೆ ಮತ್ತೆ ಅದೇ ಏರು. ಕೊನೆಗೆ ತಡೆಯಲಾರದೆ, ಕಲ್ಲು ಎತ್ತರವಾಯಿತು, ಮೊದಲಿನಂತೆ ಆಳನ್ನು ಕಳಿಸಿ ಎಂದು ವ್ಯಾಪಾರಿಯ ಹತ್ತಿರ ಹೇಳಿಕೊಂಡ.

ವ್ಯಾಪಾರಿ ಸಿಟ್ಟಾಗಲಿಲ್ಲ. ಕೋಲು ಹಿಡಿದು ತಾನೇ ಗುಡ್ಡ ಹತ್ತಿ ಬಂದ. ಕೂಲಿಯವನನ್ನು ಕಲ್ಲಿನ ಪಕ್ಕಕ್ಕೆ ನಿಲ್ಲಿಸಿ ಇನ್ನೊಮ್ಮೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ನೀನೇ ನೋಡಪ್ಪ, ನಿನ್ನ ತಲೆಗೆ ಸರಿಯಾಗಿಯೇ ಇದೆಯಲ್ಲ" ಅಂದ.

ಕೂಲಿಯವನು ನೋಡಿದ. ಸರಿಯಾಗಿಯೇ ಇತ್ತು. "ಹೌದು ಧಣಿ, ನಾನೇ ಸೋಮಾರಿ ಆಗಿದ್ದೀನಿ ಅಂತ ಕಾಣುತ್ತೆ" ಅಂದ.

ಆಮೇಲೆ ಅವನು ಬಾಯಿ ಬಿಡಲಿಲ್ಲ. ನೋವು ಬಂದಷ್ಟೂ ತನ್ನನ್ನೇ ಬೈದುಕೊಂಡು ಹೊತ್ತ. ಒಂದು ಮಧ್ಯಾಹ್ನ ಆ ಕಲ್ಲಿನ ಬುಡದಲ್ಲೇ ಮೂಟೆಯನ್ನು ಮೇಲಕ್ಕೆ ದಬ್ಬುವಾಗ ಸೊಂಟ ಹಿಡಿದುಕೊಂಡಿತು. ಮೂಟೆ ಬಿತ್ತು, ಅವನೂ ಬಿದ್ದ. ದಾರಿಹೋಕರು ಮನೆಗೆ ಹೊತ್ತುಕೊಂಡು ಬಂದರು. ಮತ್ತೆ ಅವನು ಹೊರೆ ಹೊರಲಿಲ್ಲ. ಆ ಮನೆಯಲ್ಲಿ ದುಡಿಯುತ್ತಿದ್ದವನು ಅವನೊಬ್ಬನೇ. ನೋಡಲು ಬಂದವರಿಗೆಲ್ಲ ಮಲಗಿದಲ್ಲಿಂದಲೇ, ಕಲ್ಲಿನದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದೇ ಎಂದು ಹೇಳುತ್ತಿದ್ದನಂತೆ. ನನಗೆ ಹೊಟ್ಟೆ ಉರಿಯುವುದು ಆ ಮಾತಿಗೆ.

ಗುರುಗಳು ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ಚೆನ್ನವೀರನಿಗೆ ತಿಳಿಯಲಿಲ್ಲ. ಎರಡು ಸಲ ಅಳೆದಾಗಲೂ ಸರಿಯಾಗಿಯೇ ಇತ್ತಲ್ಲ, ಹಾಗಾದರೆ ತಪ್ಪಿದ್ದೆಲ್ಲಿ ಎಂದು ಕೇಳಿದ.

"ಅಳೆಯುವಾಗ ಎರಡು ಸಲವೂ ಅವನ ತಲೆಯ ಮೇಲೆ ಮೂಟೆ ಇರಲಿಲ್ಲ ಕಣಪ್ಪ" ಅಂದರು ಗುರುಗಳು.