ಹನ್ನೊಂದು ಯಾನದ ಹೆಗ್ಗಣರಾಯರು

ಹನ್ನೊಂದು ಸಲ ಪ್ರವಾಸಿ ಹಡಗಿನಲ್ಲಿ ಸಮುದ್ರ ಸುತ್ತಿ ಬಂದಿದ್ದ ಹೆಗ್ಗಣರಾಯರು ಬಂದರಿನ ಕಟ್ಟೆಯ ಮೇಲೆ ಮೀಸೆ ತಿರುವುತ್ತಾ, ಮೊದಲ ಸಲ ಹೊರಟಿದ್ದ ಹಲ್ಲಿಗೆ ಉಪದೇಶ ಮಾಡುತ್ತಿದ್ದರು.

"ಹಡಗಿನ ನಟ್ಟನಡುವೆ ಕೋಣೆ ಹಿಡಿ, ಹೊಟ್ಟೆ ತೊಳಸುವುದಿಲ್ಲ. ಬಫೆಯಲ್ಲಿ ಬ್ರೆಡ್ಡು ಮುಟ್ಟಬೇಡ, ಚೀಸಿಗೆ ಜಾಗ ಇರಲಿ."

ಅಷ್ಟರಲ್ಲಿ ಹಡಗು ಕೂಗಿತು. "ರಾಯರೇ, ಹತ್ತೋಣವೇ?" ಎಂದು ಹಲ್ಲಿ ಲೊಚಗುಟ್ಟಿತು.

"ಮೊದಲ ಕೂಗಿಗೇ ಓಡುವವರು ಹೊಸಬರು! ನನ್ನಂಥವರನ್ನು ಬಿಟ್ಟು ಹಡಗು ಹೊರಟೀತೇ? ಮೂರನೆಯ ಮಾತು ಕೇಳು..."

ಹಲ್ಲಿ ಕೇಳಲಿಲ್ಲ. ಹಡಗು ಕಟ್ಟಿದ್ದ ಹಗ್ಗ ಹಿಡಿದು ಸರಸರನೆ ಹತ್ತಿಬಿಟ್ಟಿತು. ಹಗ್ಗವೂ ಮೇಲೆ ಹೋಯಿತು, ಹಡಗೂ ಹೋಯಿತು.

ರಾಯರು ಮತ್ತೆ ಮೀಸೆ ತಿರುವಿದರು. ಆಮೇಲೆ ಪಕ್ಕದಲ್ಲಿದ್ದ ಏಡಿಯತ್ತ ತಿರುಗಿ, "ಪಾಪ, ಮೂರನೆಯ ಮಾತು ಕೇಳದೆಯೇ ಹೊರಟುಹೋಯಿತು. ಇನ್ನು ಅದರ ಗತಿ ಏನೋ!" ಎಂದರು.