ಗಾಜಿನ ಕಪಾಟಿನ ಅಂಗಿಗಳು

ಹೋರಿಗಳ ರಗ್ಬಿ ಕ್ಲಬ್ಬಿಗೆ ನೂರು ತುಂಬಿದ ವರ್ಷ ಇದು ನಡೆಯಿತು. ಒಂದು ಕಾಲಕ್ಕೆ ಅದು ವರ್ಷವರ್ಷವೂ ಕಪ್ ಗೆಲ್ಲುತ್ತಿತ್ತು. ಗೆಲ್ಲಿಸಿದ ಆಟಗಾರನ ಅಂಗಿಯನ್ನು ಗಾಜಿನ ಕಪಾಟಿನಲ್ಲಿಟ್ಟು, ಆ ನಂಬರನ್ನು ಮತ್ತೆ ಯಾರಿಗೂ ಕೊಡದಿರುವುದು ಅಲ್ಲಿನ ಪದ್ಧತಿ. ಲೀಗಿನಲ್ಲಿ ಒಂದು ತಂಡಕ್ಕೆ ಇದ್ದದ್ದು ಹದಿಮೂರೇ ನಂಬರು; ನಂಬರಿನ ಅಂಗಿಯಿಲ್ಲದೆ ಯಾರೂ ಆಡುವಂತಿರಲಿಲ್ಲ.

ಮೇಕೆಗಳ ಎದುರು ಸೋತರೆ ಲೀಗಿನಿಂದಲೇ ಹೊರಬೀಳಬೇಕಿದ್ದ ದಿನ, ನಾಯಕ ಹೋರಿ ಅಧ್ಯಕ್ಷ ಮುದಿಗೂಳಿಯ ಬಳಿ ಬಂದಿತು.

“ಯಜಮಾನರೇ, ಉಳಿದಿರುವುದು ನಾಲ್ಕೇ ಅಂಗಿ. ಕಪಾಟು ತೆಗೆಯಿರಿ.”

“ಅವನ್ನು ತೊಡಲು ನಿನ್ನ ಸಾಧನೆ ಏನಪ್ಪಾ?”

“ಆಡಿದರೆ ತಾನೇ ಸಾಧನೆ?”

“ನಾಲ್ವರೇ ಆಡಿ. ನಿಮ್ಮ ಬೆನ್ನಿಗೆ ನೂರು ವರ್ಷದ ಇತಿಹಾಸವಿದೆ.”

“ಇತಿಹಾಸ ಚೆಂಡು ಹಿಡಿಯುತ್ತದೆಯೇ?”

ಮುದಿಗೂಳಿ ಬಾಲದಿಂದ ಕಪಾಟಿನ ಗಾಜು ಒರೆಸತೊಡಗಿತು. ನಾಲ್ಕು ಹೋರಿಗಳು ಮೈದಾನಕ್ಕಿಳಿದವು.

ಸಂಜೆಯ ಫಲಿತಾಂಶ: ಮೇಕೆಗಳು ತೊಂಬತ್ತೆರಡು, ಹೋರಿಗಳು ಸೊನ್ನೆ.